ಕೆಸರಲ್ಲಿ ಉಳಿದ ಓಲೆಗಳು

ಕೇಳುಗರೇ, ನಮಸ್ಕಾರ.

ಒನ್ಫಿಮ್ ಅಂತ ಒಬ್ಬ ಹುಡುಗ. ಆರೋ ಏಳೋ ವಯಸ್ಸಿರಬೇಕು. ಅಕ್ಷರ ತಿದ್ದೋಕೆ ಕೂತವನಿಗೆ ಅರ್ಧದಲ್ಲೇ ಬೇಜಾರಾಯಿತು. ಪಕ್ಕದಲ್ಲೇ ಒಬ್ಬ ಕುದುರೆ ಸವಾರನನ್ನು ಗೀಚಿದ. ಸವಾರ ಕೆಳಗೆ ಬಿದ್ದ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಆ ಸವಾರನ ಪಕ್ಕ ತನ್ನದೇ ಹೆಸರು ಬರೆದ! ಇನ್ನೊಂದು ತುಂಡಿನಲ್ಲಿ ಒಂದು ವಿಚಿತ್ರ ಪ್ರಾಣಿ, ಜೊತೆಗೆ 'ನಾನು ಕಾಡುಮೃಗ' ಅನ್ನೋ ಬರಹ. ಅವನು ಬರೆದ ಮನುಷ್ಯರ ಬೆರಳು ಮಾತ್ರ ಎಣಿಸಬೇಡಿ, ಹಲುಬೆಯ ಹಲ್ಲಿನ ಹಾಗಿವೆ.

ಇದೆಲ್ಲ ನಡೆದದ್ದು 13ನೇ ಶತಮಾನದಲ್ಲಿ, ರಷ್ಯಾದ ನೋವ್ಗೊರೊಡ್ ಪಟ್ಟಣದಲ್ಲಿ. ಬರೆದದ್ದು ಬರ್ಚ್ ಮರದ ತೊಗಟೆ ಮೇಲೆ. ನಾವು ಭೂರ್ಜ ಅನ್ನುತ್ತೇವಲ್ಲ, ಅದೇ ಜಾತಿ. ಮಸಿ ಇಲ್ಲ, ಮೊನಚು ಕಡ್ಡಿಯಿಂದ ಕೊರೆದದ್ದು.

ತೊಗಟೆ ಇಷ್ಟು ವರ್ಷ ಹೇಗೆ ಉಳಿಯಿತು? ಅಲ್ಲಿಯ ಮಣ್ಣು ಸದಾ ಒದ್ದೆ. ಗಾಳಿ ಒಳಗೆ ಹೋಗುವುದಿಲ್ಲ, ಹಾಗಾಗಿ ಮರ ಕೊಳೆಯುವುದಿಲ್ಲ. ಕೆಸರಿನ ಕಾಟಕ್ಕೆ ಊರವರು ಬೀದಿಗೆ ಪೈನ್ ದಿಮ್ಮಿ ಹಾಸುತ್ತಿದ್ದರು. ಅದೂ ಹೂತುಹೋದರೆ ಮೇಲೆ ಇನ್ನೊಂದು ಹಾಸು. ಅಲ್ಲಿನ ಒಂದೇ ಬೀದಿಯಲ್ಲಿ 28 ಹಾಸುಗಳು ಸಿಕ್ಕಿವೆ. ದಿಮ್ಮಿಯ ವರ್ಷದ ಉಂಗುರ ಎಣಿಸಿ ಕಾಲ ಹೇಳಬಹುದು. ಕೆಳಗಿನದು 953ರದ್ದು, ಮೇಲಿನದು 1462ರದ್ದು. ಓಲೆ ಯಾವ ಹಾಸಿನ ಹತ್ತಿರ ಸಿಕ್ಕಿತು ಅಂತ ನೋಡಿದರೆ ಅದರ ವಯಸ್ಸೂ ಗೊತ್ತಾಗುತ್ತದೆ.

ಮೊದಲ ಓಲೆ ಸಿಕ್ಕಿದ್ದು 1951ರ ಜುಲೈ 26ರಂದು. ಈಗ 1,100ಕ್ಕೂ ಜಾಸ್ತಿ ಇವೆ. ಹೆಚ್ಚಿನವು ಸಾಲ, ದವಸ, ಬಾಕಿ ಇಂಥ ಮಾತು. ಆ ಕಾಲದಲ್ಲಿ ಪಾದ್ರಿಗಳಿಗಷ್ಟೇ ಓದುಬರಹ ಬರುತ್ತಿತ್ತು ಅನ್ನೋ ನಂಬಿಕೆ ಇಲ್ಲಿ ನಿಲ್ಲಲಿಲ್ಲ. ವ್ಯಾಪಾರಿಗಳು, ಹೆಂಗಸರು ಎಲ್ಲರೂ ಬರೆದಿದ್ದಾರೆ. ಮಿಕಿತ ಅನ್ನುವವನು ಉಲ್ಯಾನಿತ್ಸಾಗೆ, 'ನನ್ನನ್ನು ಮದುವೆಯಾಗು. ನನಗೆ ನೀನು ಬೇಕು, ನಿನಗೆ ನಾನು' ಅಂತ ಬರೆದು, ಕೆಳಗೆ ಸಾಕ್ಷಿಗೆ ಇಗ್ನಾತ್‌ನ ಹೆಸರನ್ನೂ ಹಾಕಿದ್ದಾನೆ. ಪ್ರೇಮಪತ್ರಕ್ಕೂ ಸಾಕ್ಷಿ! ವ್ಯಾಪಾರದ ಊರು, ಅಭ್ಯಾಸ ಬಿಡುತ್ತದೆಯೇ?

ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೂ ಹಳೆಯ ಓಲೆ, 11ನೇ ಶತಮಾನದ ಕೊನೆಯದು. ಬರೆದವಳು ಒಬ್ಬ ಹೆಣ್ಣು. 'ನಿನಗೆ ಮೂರು ಸಲ ಹೇಳಿ ಕಳಿಸಿದೆ. ಈ ವಾರ ನೀನು ಬರಲೇ ಇಲ್ಲ. ನನ್ನ ಮೇಲೆ ಅಂಥದ್ದೇನು ಸಿಟ್ಟು?' ನಡುವಿನ ಭಾಗ ಸಿಕ್ಕಿಲ್ಲ. ಓಲೆ ತಲುಪಿದ ಮೇಲೆ ಯಾರೋ ಅದನ್ನು ಹರಿದು, ಗಂಟು ಹಾಕಿ, ಬಿಸಾಡಿದ್ದಾರೆ.