ಬಾಗಿಲಾಚೆಯ ಕರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಒಬ್ಬ ಮನುಷ್ಯ ಬೆಳಿಗ್ಗೆ ಏಳುತ್ತಾನೆ. ಗೋಡೆಯ ಮೇಲೆ ತಾನೇ ಬರೆದುಕೊಂಡ ಕ್ಯಾಲೆಂಡರಿನಲ್ಲಿ ಇನ್ನೊಂದು ದಿನಕ್ಕೆ ಗೀಟು ಎಳೆಯುತ್ತಾನೆ. ಬಾಗಿಲಿಗೆ ಕಟ್ಟಿದ ಬೆಳ್ಳುಳ್ಳಿ ಬಾಡಿದೆ, ಹೊಸದು ತರಬೇಕು. ಕನ್ನಡಿ ಬೇಕು. ಮರದ ಗೂಟಗಳನ್ನು ಚೂಪು ಮಾಡಬೇಕು. ಹೆಣಗಳನ್ನು ಗಾಡಿಗೆ ಹಾಕಿಕೊಂಡು ಹೋಗಿ, ಬೆಂಕಿ ಉರಿಯುವ ದೊಡ್ಡ ಹೊಂಡಕ್ಕೆ ಎಸೆದು, ಕತ್ತಲಾಗುವುದರೊಳಗೆ ಮನೆ ಸೇರಬೇಕು.

1964ರಲ್ಲಿ ತೆರೆಕಂಡ ‘ದಿ ಲಾಸ್ಟ್ ಮ್ಯಾನ್ ಆನ್ ಅರ್ತ್’ ಎಂಬ ಕಪ್ಪು-ಬಿಳುಪು ಚಿತ್ರ ಶುರುವಾಗುವುದು ಹೀಗೆ. ಸಾಂಕ್ರಾಮಿಕ ರೋಗವೊಂದು ಜಗತ್ತನ್ನೇ ನುಂಗಿದೆ. ಸತ್ತವರು ರಕ್ತಪಿಶಾಚಿಗಳಾಗಿ ರಾತ್ರಿ ಏಳುತ್ತಾರೆ. ಉಳಿದವನು ಡಾಕ್ಟರ್ ರಾಬರ್ಟ್ ಮಾರ್ಗನ್ ಒಬ್ಬನೇ. ಆ ಪಾತ್ರದಲ್ಲಿ ವಿನ್ಸೆಂಟ್ ಪ್ರೈಸ್.

ಇದರ ಮೂಲ, ರಿಚರ್ಡ್ ಮ್ಯಾಥಸನ್ 1954ರಲ್ಲಿ ಬರೆದ ‘ಐ ಆ್ಯಮ್ ಲೆಜೆಂಡ್’ ಕಾದಂಬರಿ. ಮೊದಲು ಇದನ್ನು ತೆರೆಗೆ ತರಲು ಹೊರಟದ್ದು ಬ್ರಿಟನ್ನಿನ ಹ್ಯಾಮರ್ ಸಂಸ್ಥೆ. ಅಲ್ಲಿನ ಸೆನ್ಸಾರ್ ಮಂಡಳಿ ಚಿತ್ರಕಥೆಯನ್ನೇ ಒಪ್ಪಲಿಲ್ಲ. ಕೊನೆಗೆ ಕಥೆ ಅಮೆರಿಕದ ನಿರ್ಮಾಪಕ ರಾಬರ್ಟ್ ಲಿಪರ್ಟ್ ಕೈಸೇರಿತು. ಖರ್ಚು ಉಳಿಸಲು ಚಿತ್ರೀಕರಣ ರೋಮ್ ನಗರಕ್ಕೆ ಹೋಯಿತು. ಸುತ್ತಲಿನ ನಟರೆಲ್ಲ ಹೆಚ್ಚುಕಡಿಮೆ ಇಟಲಿಯವರೇ. ಅವರ ತುಟಿಗೂ ಮಾತಿಗೂ ತಾಳ ಕೂಡುವುದಿಲ್ಲ. ಚಿತ್ರಕಥೆಯಲ್ಲಿ ಪಾಲಿದ್ದ ಮ್ಯಾಥಸನ್‌ಗೇ ಫಲಿತಾಂಶ ಹಿಡಿಸಲಿಲ್ಲ. ಪ್ರೈಸ್ ಈ ಪಾತ್ರಕ್ಕೆ ಸಲ್ಲದವರು ಎಂಬುದು ಅವರ ಅಭಿಪ್ರಾಯ. ಹಾಗಾಗಿ ತಮ್ಮ ಹೆಸರು ತೆಗೆಸಿ, ಲೋಗನ್ ಸ್ವಾನ್ಸನ್ ಎಂಬ ಗುಪ್ತನಾಮ ಹಾಕಿಸಿದರು.

ಬರೆದವರೇ ಕೈಬಿಟ್ಟ ಚಿತ್ರವನ್ನು ವಿಮರ್ಶಕರು ಎತ್ತಿಕೊಳ್ಳುವುದು ಕಷ್ಟ. ಇದರ ಮೇಲಿನ ದೂರುಗಳು ಪರಿಚಿತವಾದವೇ: ಗತಿ ನಿಧಾನ, ಪಿಶಾಚಿಗಳಿಗೆ ಕಸುವಿಲ್ಲ, ನಾಯಕನಲ್ಲಿ ಉತ್ಸಾಹವಿಲ್ಲ, ಅಮೆರಿಕದ ಊರೆಂದು ತೋರಿಸುವ ಊರು ಅಮೆರಿಕದಂತಿಲ್ಲ. ನಡುವೆ ಬರುವ ಹಿಂದಿನ ಕಥೆ ಎಳೆದಂತಾಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಉಳಿದ ದೂರುಗಳನ್ನು ಒಪ್ಪಲಾರೆ.

ಆ ಊರನ್ನೇ ನೋಡಿ. ಅದು ರೋಮಿನ ಇ.ಯು.ಆರ್. ಬಡಾವಣೆ. 1942ರ ವಿಶ್ವ ವಸ್ತುಪ್ರದರ್ಶನಕ್ಕೆಂದು ಮುಸೊಲಿನಿ ಕಟ್ಟಿಸಲು ತೊಡಗಿದ್ದ ಜಾಗ. ಯುದ್ಧ ಬಂತು, ಪ್ರದರ್ಶನ ನಡೆಯಲೇ ಇಲ್ಲ. ಸಾಲುಸಾಲು ಕಮಾನುಗಳ ಬಿಳಿ ಕಟ್ಟಡ, ಅಗಲವಾದ ಬೀದಿ, ಮನುಷ್ಯರಿಗಿಂತ ಎಷ್ಟೋ ದೊಡ್ಡದಾದ ಮೆಟ್ಟಿಲು. ಬರಬೇಕಾದ ಜನ ಬಾರದೇ ಹೋದ ಆ ಜಾಗದಲ್ಲಿ ಒಂದು ಹೆಣ ಬಿದ್ದಿದ್ದರೆ ಸಾಕು, ಲೋಕ ಮುಗಿದುಹೋಗಿದೆ ಎಂದು ನಂಬುತ್ತೇವೆ. ಎಷ್ಟು ಹಣ ಸುರಿದು ಸೆಟ್ ಹಾಕಿದ್ದರೂ ಈ ಬಿಕೋ ಎನ್ನುವ ಭಾವ ಹುಟ್ಟುತ್ತಿರಲಿಲ್ಲ.

ಇನ್ನು ಪ್ರೈಸ್. 1940ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ‘ದಿ ಸೇಂಟ್’ ಸರಣಿಯ ನಾಯಕನಾಗಿ ದನಿಯೊಂದರಿಂದಲೇ ಜನರನ್ನು ಹಿಡಿದಿಟ್ಟವರು ಅವರು. ಮಾತಾಡಲು ಎದುರಿಗೆ ಯಾರೂ ಇಲ್ಲದ ಈ ಕಥೆಯ ಭಾರವನ್ನು ಆ ದನಿಯೇ ಹೊರುತ್ತದೆ. ಅದರಲ್ಲಿ ವೀರಾವೇಶ ಇಲ್ಲ ಎಂದು ದೂರುವವರನ್ನು ನಾನು ಕೇಳುವುದಿಷ್ಟೇ: ಮೂರು ವರ್ಷ ದಿನವೂ ಹೆಣ ಹೊತ್ತವನ ದನಿ ಇನ್ನು ಹೇಗಿರಬೇಕು?

ರಾತ್ರಿಯಾದರೆ ಮಾರ್ಗನ್‌ನ ಹಳೆಯ ಸಹೋದ್ಯೋಗಿ ಬೆನ್ ಕಾರ್ಟ್‌ಮನ್ ಪಿಶಾಚಿಯಾಗಿ ಬಂದು, ಹೊರಗೆ ಬಾ ಎಂದು ಹೆಸರು ಹಿಡಿದು ಕೂಗುತ್ತಾನೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಊರುಗಳಲ್ಲಿ ಬೆಳೆದ ನಮಗೆ ಈ ಭಯವನ್ನು ಯಾರೂ ವಿವರಿಸಬೇಕಿಲ್ಲ. ಪರಿಚಿತ ದನಿಯೇ ಕರೆಯುತ್ತದೆ, ಓಗೊಡಬಾರದು. ಆ ಪಿಶಾಚಿಗಳಿಗೆ ಕಸುವು ಬೇಕಾಗಿಯೇ ಇಲ್ಲ.

1968ರಲ್ಲಿ ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಹೆಸರಾಂತ ಭಯದ ಚಿತ್ರ ಮಾಡಿದರು. ಮ್ಯಾಥಸನ್ ಕಾದಂಬರಿಯ ಋಣವನ್ನು ಅವರೇ ಒಪ್ಪಿಕೊಂಡಿದ್ದಾರೆ. ಮನೆಯ ಸುತ್ತ ತಡವರಿಸುತ್ತ ಮುತ್ತುವ ಸತ್ತವರು, ಹಲಗೆ ಬಡಿದ ಕಿಟಕಿ — ಇವೆಲ್ಲ ನಾಲ್ಕು ವರ್ಷ ಮೊದಲೇ ಪ್ರೈಸ್ ಚಿತ್ರದಲ್ಲಿದ್ದವು ಎಂಬುದು ಆಮೇಲೆ ವಿಮರ್ಶಕರ ಕಣ್ಣಿಗೆ ಬಿತ್ತು. ಗೌರವವೂ ಬಂತು. ಆದರೆ ಅದು ಹೆಚ್ಚಾಗಿ ಮುಂದಿನವರಿಗೆ ದಾರಿ ತೋರಿದ್ದಕ್ಕೆ ಸಿಕ್ಕ ಗೌರವ. ಮಗನ ಹೆಸರಿನಿಂದ ಅಪ್ಪನನ್ನು ಗುರುತಿಸಿದ ಹಾಗೆ. ನನಗೆ ಅದು ಸಾಲದು. 1971ರಲ್ಲಿ ಚಾರ್ಲ್ಟನ್ ಹೆಸ್ಟನ್, 2007ರಲ್ಲಿ ವಿಲ್ ಸ್ಮಿತ್ ಇದೇ ಕಾದಂಬರಿಯ ನಾಯಕರಾದರು, ಹಣವೂ ಹರಿಯಿತು. ಆದರೆ ರೋಗ ತಗುಲಿಯೂ ಸಾಯದೆ ಉಳಿದವರು ಇನ್ನೂ ಇದ್ದಾರೆ, ಹಗಲಲ್ಲಿ ಮನೆಮನೆ ಹೊಕ್ಕು ಕೊಲ್ಲುವ ನಾಯಕನೇ ಅವರ ಪಾಲಿಗೆ ಪಿಶಾಚಿ ಎಂಬ ಕಾದಂಬರಿಯ ತಿರುಳನ್ನು ಇಷ್ಟು ನೇರವಾಗಿ ಹೇಳಿದ್ದು ಈ ಬಡ ಚಿತ್ರವೇ.

ಇದನ್ನು ನೋಡುವವರು ಒಂದು ದೃಶ್ಯಕ್ಕೆ ಕಾದು ಕೂರಿ. ಮಾರ್ಗನ್ ಹಳೆಯ ಪ್ರೊಜೆಕ್ಟರಿನಲ್ಲಿ ಮನೆಯವರ ರೀಲು ಹಾಕುತ್ತಾನೆ. ಹೆಂಡತಿ, ಮಗಳು, ಸರ್ಕಸ್ಸು. ನೋಡುತ್ತ ನಗುತ್ತಾನೆ. ನಗು ಜೋರಾಗುತ್ತದೆ. ಎಲ್ಲಿ ಅದು ಅಳುವಾಯಿತೆಂದು ನಮಗೆ ತಿಳಿಯುವುದೇ ಇಲ್ಲ. ಹೊರಗೆ ಕಾರ್ಟ್‌ಮನ್ ಇನ್ನೂ ಕೂಗುತ್ತಲೇ ಇರುತ್ತಾನೆ.

ನಮಸ್ಕಾರ.