ಐಎಸ್‌ಓ ಏರಿಸಿ ಸ್ವಾಮಿ!

ನಮಸ್ಕಾರ ಸ್ನೇಹಿತರೇ. ಇವತ್ತು ಲೆನ್ಸ್ ಒರೆಸೋದು ಹೇಗೆ ಅಂತ ಮಾತಾಡ್ಬೇಕಿತ್ತು. ಅದು ಮುಂದಿನ ವಾರಕ್ಕಿರಲಿ. ಯಾಕಂದ್ರೆ ಐಎಸ್‌ಓ ಬಗ್ಗೆ, ಅಂದ್ರೆ ಸಿಕ್ಕಿದ ಬೆಳಕನ್ನ ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋ ಸೆಟ್ಟಿಂಗ್ ಬಗ್ಗೆ, ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ, ಓದ್ತೀನಿ ಕೇಳಿ: "ಸರ್, ಐಎಸ್‌ಓ 100 ದಾಟಿದ್ರೆ ಫೋಟೋ ಹಾಳು. ಹೊಸಬರ ದಾರಿ ತಪ್ಪಿಸಬೇಡಿ." ಅದರ ಕೆಳಗೆ ಇನ್ನೊಬ್ಬರು, "ಕರೆಕ್ಟ್ ಬ್ರೋ, ನಂದೂ ಯಾವಾಗ್ಲೂ 100ನೇ."

ದಾರಿ ತಪ್ಪಿಸ್ತಿರೋದು ಯಾರು ಅಂತ ಇವತ್ತು ನೋಡೇಬಿಡೋಣ. ನಾನು ಹೇಳೋದು ಒಂದೇ ಮಾತು. ಐಎಸ್‌ಓ ಏರಿಸಿ. ಐಎಸ್‌ಓ ಜಾಸ್ತಿಯಾಗಿ ತರಿ ತರಿಯಾಗಿ ಕಾಣೋ ಫೋಟೋಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಹುದು. ಅಲುಗಾಡಿ ಮುಖವೇ ಕಲಸಿಹೋದ ಫೋಟೋನ ಡಿಲೀಟ್ ಮಾಡೋದು ಬಿಟ್ರೆ ಬೇರೇನೂ ಮಾಡಕ್ಕಾಗಲ್ಲ.

ಲೆಕ್ಕ ಹಾಕೋಣ ಬನ್ನಿ. ಕಲ್ಯಾಣ ಮಂಟಪ. ಪ್ರತಿ ಮನೆತನದಲ್ಲೂ ಕ್ಯಾಮೆರಾ ಇಟ್ಕೊಂಡಿರೋ ಒಬ್ಬ ಅಳಿಯನೋ ತಂಗಿ ಮಗಳೋ ಇದ್ದೇ ಇರ್ತಾರೆ. ದುಡ್ಡು ಕೊಟ್ಟು ಕರೆಸಿರೋ ಫೋಟೋಗ್ರಾಫರ್ ವೇದಿಕೆ ಮುಂದೆ ನಮಗೆ ಬೆನ್ನು ಹಾಕಿ ನಿಂತಿರ್ತಾರೆ, ಅವರ ಹೆಗಲ ಸಂದಿಯಲ್ಲಿ ನಮ್ಮವರು ತೂರಬೇಕು. ಹಿಂದಿನಿಂದ ಅತ್ತೆ, "ನಂದೂ ಒಂದು ತೆಗಿಯೋ, ಡಿಪಿಗೆ ಹಾಕ್ಬೇಕು." ಕೈಲಿರೋದು ಕ್ಯಾಮೆರಾ ಜೊತೆ ಡಬ್ಬದಲ್ಲೇ ಬಂದ 18-55 ಲೆನ್ಸ್. 55ಕ್ಕೆ ಝೂಮ್ ಮಾಡಿದ ತಕ್ಷಣ ಅದರ ಅಪರ್ಚರ್, ಅಂದ್ರೆ ಬೆಳಕು ಒಳಗೆ ಬರೋ ಕಿಂಡಿ, ಎಫ್ 5.6ಕ್ಕೆ ಕುಗ್ಗುತ್ತೆ. ಎಫ್ ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಟ್ಯೂಬ್‌ಲೈಟ್ ಹಾಕಿರೋ ಸಾಧಾರಣ ಮಂಟಪದ ಬೆಳಕಿಗೆ ಐಎಸ್‌ಓ 100ರಲ್ಲಿ ಬೇಕಾಗೋ ಶಟರ್, ಅಂದ್ರೆ ಬೆಳಕಿಗೆ ಬಾಗಿಲು ತೆರೆದಿಡೋ ಹೊತ್ತು, ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಅರ್ಧ ಸೆಕೆಂಡ್! ಅಂತರಪಟ ಸರಿದು ಹುಡುಗ ಹುಡುಗಿ ಒಬ್ಬರ ತಲೆ ಮೇಲೊಬ್ಬರು ಜೀರಿಗೆ ಬೆಲ್ಲ ಇಡೋ ಹೊತ್ತಲ್ಲಿ ಅರ್ಧ ಸೆಕೆಂಡ್ ಶಟರ್ ತೆರೆದಿಟ್ರೆ ಹುಡುಗಿಗೆ ನಾಲ್ಕು ಕೈ ಬರುತ್ತೆ.

ಈಗ ಮೆಟ್ಟಿಲು ಹತ್ತಿ. ಐಎಸ್‌ಓ 200ಕ್ಕೆ ಕಾಲು ಸೆಕೆಂಡ್. 400ಕ್ಕೆ 1/8. 800ಕ್ಕೆ 1/15. 1600ಕ್ಕೆ 1/30. 3200ಕ್ಕೆ 1/60. 6400ಕ್ಕೆ 1/125. ನಗ್ತಾ ಮಾತಾಡ್ತಾ ನಿಂತಿರೋ ಮನುಷ್ಯರು ನಿಚ್ಚಳವಾಗಿ ಸಿಗೋದು ಈ ಕೊನೇ ಮೆಟ್ಟಿಲಲ್ಲಿ. ಗಟ್ಟಿಮೇಳಕ್ಕೆ ಎರಚಿದ ಅಕ್ಷತೆ ಗಾಳಿಯಲ್ಲಿ ಒಂದೊಂದು ಕಾಳೂ ಬೇರೆಬೇರೆಯಾಗಿ ಕಾಣಬೇಕಾದ್ರೆ 1/500 ಬೇಕು. 100ರಲ್ಲಿ ತೆಗೆದವರ ಫೋಟೋದಲ್ಲಿ ಅಕ್ಷತೆಯೇ ಇರಲ್ಲ, ಮಂಜು ಮುಸುಕಿದ ಹಾಗೆ ಒಂದು ಮಬ್ಬು ಇರುತ್ತೆ ಅಷ್ಟೆ.

ಇದರಲ್ಲಿ ಮೋಸ ಮಾಡೋದು ಕ್ಯಾಮೆರಾ ಹಿಂದಿನ ಮೂರಿಂಚಿನ ಪರದೆ. ಅದರಲ್ಲಿ ಎಲ್ಲಾ ಫೋಟೋನೂ ಚೆನ್ನಾಗೇ ಕಾಣುತ್ತೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿದಾಗಲೇ ಗೊತ್ತಾಗೋದು. ಆಗ ಬಯ್ಯೋದು ಲೆನ್ಸಿಗೆ! "ಲೆನ್ಸ್ ಶಾರ್ಪ್ ಇಲ್ಲ" ಅಂತ ಸರ್ವಿಸ್ ಸೆಂಟರ್‌ಗೆ ಓಡೋರಿದ್ದಾರೆ, ಹೊಸಾ ಲೆನ್ಸಿಗೆ ಸಾಲ ಮಾಡೋರಿದ್ದಾರೆ. ಅದಕ್ಕೆ ಮೊದಲು ಅಲ್ಲೇ ಮಂಟಪದಲ್ಲೇ ಫೋಟೋನ ಪೂರ್ತಿ ಹಿಗ್ಗಿಸಿ ನೋಡಿ. ಹಿಂದಿನ ಬಾಳೆಕಂದು ನಿಚ್ಚಳವಾಗಿದ್ದು ಮುಖ ಮಾತ್ರ ಕಲಸಿದ್ರೆ, ಅಲುಗಿದ್ದು ಅವರು. ದೀಪದ ಸರದ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಗೆರೆಗಳಾಗಿದ್ರೆ, ಅಲುಗಿದ್ದು ನಿಮ್ಮ ಕೈ. ಮುಖ ಮಬ್ಬಾಗಿ ಮುಂದಿರೋ ಹಾರ ಚೆನ್ನಾಗಿದ್ರೆ ಮಾತ್ರ ಅದು ಫೋಕಸ್ ತಪ್ಪಿದ್ದು. ಮೊದಲ ಎರಡಕ್ಕೂ ಮದ್ದು ಶಟರ್ ಸ್ಪೀಡ್. ಶಟರ್ ಸ್ಪೀಡ್ ಬೇಕಾದ್ರೆ? ಐಎಸ್‌ಓ ಏರಿಸಿ!

"ಆದ್ರೆ ನಾಯ್ಸ್, ಅದೇ ಆ ತರಿ, ಬರುತ್ತಲ್ಲಾ ಸರ್?" ಬರುತ್ತೆ. ಯಾರು ನೋಡ್ತಾರೆ ಅದನ್ನ? 24 ಮೆಗಾಪಿಕ್ಸೆಲ್ ಫೋಟೋ ಅಂದ್ರೆ ಉದ್ದಕ್ಕೆ 6000, ಅಗಲಕ್ಕೆ 4000 ಚುಕ್ಕಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ್ರೆ ಅದು ಉದ್ದಕ್ಕೆ ಸುಮಾರು 1600ಕ್ಕೆ ಇಳಿಯುತ್ತೆ. ಅಂದ್ರೆ ಹದಿನಾಲ್ಕು ಚುಕ್ಕಿ ಕೂಡಿ ಒಂದಾಗುತ್ತೆ. ತರಿಯೆಲ್ಲ ಅಲ್ಲೇ ಸವೆದುಹೋಗುತ್ತೆ. 5x7 ಪ್ರಿಂಟ್ ಹಾಕಿಸಿದ್ರೂ ಅಷ್ಟೆ, ಕಾಣಲ್ಲ. ನಾಯ್ಸ್ ಹುಡುಕೋದು ಫೋಟೋಗ್ರಾಫರ್ ಒಬ್ಬರೇ, ಅದೂ ಪರದೆಗೆ ಮೂಗು ತಾಗಿಸಿ. ಅಜ್ಜಿ ಫೋಟೋ ನೋಡೋದು ಮೊಮ್ಮಗನ ಮುಖಕ್ಕೆ. ಅಜ್ಜಿಗೆ ಐಎಸ್‌ಓ ಗೊತ್ತಿಲ್ಲ, ಮಬ್ಬು ಗೊತ್ತು.

ಇನ್ನೊಂದು ಬುದ್ಧಿವಂತಿಕೆ ಇದೆ: "100ರಲ್ಲೇ ಕತ್ತಲಾಗಿ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಗಿಸ್ತೀನಿ." ಬೇಡ. ನಾಯ್ಸ್ ಕಾಣೋದಕ್ಕೆ ಮುಖ್ಯ ಕಾರಣ ಸೆನ್ಸರ್‌ಗೆ ಬಿದ್ದ ಬೆಳಕು ಕಡಿಮೆ ಆಗಿರೋದು. ಅದೇ ಶಟರ್, ಅದೇ ಅಪರ್ಚರ್ ಇಟ್ಟು ಐಎಸ್‌ಓ ಇಳಿಸಿದ್ರೆ ಬೆಳಕೇನು ಜಾಸ್ತಿ ಬರಲ್ಲ. ಆಮೇಲೆ ಎಳೆದು ಬೆಳಗಿಸಿದಾಗ ಕಪ್ಪು ಕೂದಲಿನ ಜಾಗದಲ್ಲಿ ನೇರಳೆ, ಹಸಿರು ಕಲೆ ಎದ್ದು ಬರುತ್ತೆ. ಜೆಪೆಗ್ ಆಗಿದ್ರಂತೂ ಮುಗೀತು, ಒಂದೊಂದು ಬಣ್ಣಕ್ಕೆ ಇರೋದೇ 256 ಹಂತ. ರಾ ಫೈಲ್‌ನಲ್ಲಿ, ಅಂದ್ರೆ ಸೆನ್ಸರ್ ಹಿಡಿದದ್ದನ್ನ ಹಾಗೇ ಉಳಿಸೋ ಫೈಲ್‌ನಲ್ಲಿ, 6400ಕ್ಕೆ ಸರಿಯಾಗಿ ಬೆಳಕು ಹಿಡಿದು, ಡಾರ್ಕ್‌ಟೇಬಲ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ತರಿ ತೆಗೆಯೋ ಡೀನಾಯ್ಸ್ ಹಾಕಿ. ಅದರ ಬಗ್ಗೆ ಪೂರ್ತಿ ವಿಡಿಯೋ ಇದೇ ಚಾನೆಲ್‌ನಲ್ಲಿದೆ. ಸಬ್‌ಸ್ಕ್ರೈಬ್ ಆಗದೇ ಇರೋರು ಈಗಲೇ ಆಗಿ, ಗಂಟೆ ಗುರುತೂ ಒತ್ತಿ.

ಈಗ ಟ್ರೈಪಾಡ್‌ನವರು. ಅವರು ಬಂದೇ ಬರ್ತಾರೆ. "ಟ್ರೈಪಾಡ್ ಹಾಕಿ ಸರ್." ಎಲ್ಲಿ ಹಾಕೋದು? ಊಟದ ಪಂಕ್ತಿ ಮಧ್ಯೆ ಹಾಕಿದ್ರೆ ಸಾರಿನ ಬಕೆಟ್ ಹಿಡ್ಕೊಂಡು ಬರೋರು ಎಡವಿ ಬೀಳ್ತಾರೆ. ಟ್ರೈಪಾಡ್ ಕ್ಯಾಮೆರಾನ ನಿಲ್ಲಿಸುತ್ತೆ, ಮಗುನ ನಿಲ್ಲಿಸಲ್ಲ. ಕೈ ನಡುಕ ತಡೆಯೋ ಲೆನ್ಸಿನ ಸ್ಟೆಬಿಲೈಸೇಷನ್ನೂ ಹಂಗೇ. ಹಂಪಿಯ ಕಲ್ಲಿನ ರಥನ ಟ್ರೈಪಾಡ್ ಮೇಲಿಟ್ಟು 100ರಲ್ಲಿ ತೆಗೀರಿ, ಸಂತೋಷ, ಅದೆಲ್ಲೂ ಓಡಿಹೋಗಲ್ಲ. ಮಿಕ್ಕಿದ್ದೆಲ್ಲ ಓಡುತ್ತೆ.

ರಂಗನತಿಟ್ಟಿನ ದೋಣಿಗೆ ಟ್ರೈಪಾಡ್ ಹೊತ್ತು ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. 1940ರಲ್ಲಿ ಪಕ್ಷಿಧಾಮ ಆದ ಜಾಗ ಅದು, ದೋಣಿ ಕಂಡ್ರೆ ಹಕ್ಕಿಗಳು ಬೆದರಲ್ಲ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎಲ್ಲ ಹತ್ತಿರದಲ್ಲೇ ಸಿಗುತ್ತೆ. ಹವ್ಯಾಸಿಗೆ ಅದಕ್ಕಿಂತ ಒಳ್ಳೇ ಪಾಠಶಾಲೆ ಇಲ್ಲ. ಆದ್ರೆ ನೀರು ಅಲುಗುತ್ತೆ, ದೋಣಿ ಅಲುಗುತ್ತೆ, ಪಕ್ಕದವರು ಮೊಸಳೆ ಅಂತ ಎದ್ದು ನಿಂತ್ರೆ ಟ್ರೈಪಾಡೂ ಅಲುಗುತ್ತೆ. 70-300 ಲೆನ್ಸ್‌ನ 300ಕ್ಕೆ ಎಳೆದ್ರೆ ಎಫ್ 6.3. ಕ್ರಾಪ್ ಸೆನ್ಸರ್‌ನಲ್ಲಿ (ಚಿಕ್ಕ ಅಳತೆಯ ಸೆನ್ಸರ್) ಅದು 450ರಷ್ಟು ಉದ್ದ, ಉದ್ದ ಜಾಸ್ತಿಯಾದಷ್ಟೂ ಕೈ ಅಲುಗಾಟ ಎದ್ದು ಕಾಣುತ್ತೆ, ಹಾಗಾಗಿ ನೆಲದ ಮೇಲೆ ನಿಂತಿದ್ರೇ 1/500 ಬೇಕು. ದೋಣಿಯಲ್ಲಿ, ಕೂತಿರೋ ಹಕ್ಕಿಗೆ 1/1000. ಹಾರೋ ಕೊಕ್ಕರೆಗೆ 1/2000. ನೀರಿಗೆ ಧುಮುಕೋ ರೀವ ಹಕ್ಕಿಗೆ 1/3200. ಮೋಡ ಕವಿದ ಬೆಳಗ್ಗೆ ಎಫ್ 6.3ಕ್ಕೆ ಐಎಸ್‌ಓ 100 ಕೊಡೋದು ಸುಮಾರು 1/100. 1/2000 ಬೇಕಿದ್ರೆ ಐಎಸ್‌ಓ 2000. ಲೆಕ್ಕ ಅಷ್ಟು ಸಲೀಸು! 2000ಕ್ಕೆ ಹೆದರಿ ರೆಕ್ಕೆ ಇಲ್ಲದ ಕೊಕ್ಕರೆ ತಗೊಂಡು ಮನೆಗೆ ಬರ್ತಾರೆ.

"ಫ್ಲ್ಯಾಶ್ ಇದೆಯಲ್ಲಾ?" ಕ್ಯಾಮೆರಾ ತಲೆ ಮೇಲೆ ಏಳೋ ಪುಟ್ಟ ಫ್ಲ್ಯಾಶಿನ ಗೈಡ್ ನಂಬರ್, ಅಂದ್ರೆ ಅದರ ಬೆಳಕಿನ ಬಲ, 12ರ ಆಸುಪಾಸು. 12ನ್ನ ಎಫ್ ನಂಬರ್ 5.6ರಿಂದ ಭಾಗಿಸಿ. ಐಎಸ್‌ಓ 100ರಲ್ಲಿ ಅದರ ಬೆಳಕು ಮುಟ್ಟೋದು ಎರಡು ಮೀಟರ್ ಚಿಲ್ಲರೆ. ಐದನೇ ಸಾಲಿನಿಂದ ಪಟ್ ಪಟ್ ಅಂತ ಹೊಡೀತಾರಲ್ಲ, ಮುಂದೆ ಕೂತ ಮಾವನ ಬೋಳುತಲೆ ಬೆಳಗುತ್ತೆ, ಮದುಮಕ್ಕಳು ಕತ್ತಲಲ್ಲೇ ಇರ್ತಾರೆ. ಐಎಸ್‌ಓ 1600 ಮಾಡಿ, ಅದೇ ಫ್ಲ್ಯಾಶ್ ಎಂಟು ಮೀಟರ್ ಮುಟ್ಟುತ್ತೆ. ಅಂದ್ರೆ ಫ್ಲ್ಯಾಶಿಗೂ ಐಎಸ್‌ಓ ಬೇಕು! ಮತ್ತೆ ಲೆನ್ಸ್ ಮುಂದಿನ ಹುಡ್ ತೆಗೆದಿಡಿ, ಇಲ್ಲಾಂದ್ರೆ ಫೋಟೋದ ಕೆಳಗೆ ಅರ್ಧ ಚಂದ್ರಾಕಾರದ ನೆರಳು ಬೀಳುತ್ತೆ.

"50 ಎಂಎಂ ಎಫ್ 1.8 ಲೆನ್ಸ್ ತಗೋಬಹುದಲ್ಲಾ?" ತಗೊಳ್ಳಿ, ಒಳ್ಳೇದು, 5.6ಕ್ಕಿಂತ ಮೂರು ಸ್ಟಾಪ್‌ಗೂ ಜಾಸ್ತಿ ಬೆಳಕು, ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು. ಆದ್ರೆ ಒಂದೂವರೆ ಮೀಟರ್‌ನಿಂದ 1.8ರಲ್ಲೇ ತೆಗೆದ್ರೆ ಕ್ರಾಪ್ ಸೆನ್ಸರ್‌ನಲ್ಲಿ ಫೋಕಸ್ ಇರೋ ಪದರ ಆರೇಳು ಸೆಂಟಿಮೀಟರ್. ಹುಡುಗಿ ನಿಚ್ಚಳ, ಅರ್ಧ ಅಡಿ ಹಿಂದೆ ನಿಂತ ಹುಡುಗ ಮಸುಕು. ಹುಡುಗನ ಕಡೆಯವರು ಬಿಡ್ತಾರಾ? ಎಫ್ 2.8, ಎಫ್ 4ಕ್ಕೆ ಬರಲೇಬೇಕು, ಬಂದ್ರೆ ಮತ್ತೆ ಐಎಸ್‌ಓ.

"ಹಳೇ ಗುರುಗಳೆಲ್ಲ 100ರಲ್ಲೇ ತೆಗೀತಿದ್ರು." ಅವರ ಕೈಯಲ್ಲಿದ್ದದ್ದು ಫಿಲ್ಮು. 100ರ ರೋಲ್ ಹಾಕಿದ್ರೆ 36 ಫೋಟೋ ಮುಗಿಯೋವರೆಗೂ 100ನೇ. ಕತ್ತಲಾದ್ರೆ 400ರ ರೋಲನ್ನ 1600 ಅಂತ ಲೆಕ್ಕ ಹಿಡಿದು ತೆಗೆದು, ಡಾರ್ಕ್‌ರೂಮಲ್ಲಿ ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟು ತೊಳೀತಿದ್ರು. ತರಿ ಎದ್ದು ಕಾಣ್ತಿತ್ತು, ಆದ್ರೂ ಹೆಮ್ಮೆಯಿಂದ ಪ್ರಿಂಟ್ ಹಾಕ್ತಿದ್ರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಫಿಲ್ಮಿನಲ್ಲೇ ಕಾಡು ಪ್ರಾಣಿ, ಹಕ್ಕಿಗಳನ್ನ ತೆಗೆದವರು. ಒಂದು ಚಕ್ರ ತಿರುಗಿಸಿ 100ರಿಂದ 6400ಕ್ಕೆ ಹೋಗೋ ಸೌಲಭ್ಯ ಅವರಿಗಿರಲಿಲ್ಲ. ನಿಮಗಿದೆ. ತಿರುಗಿಸಲ್ಲ ಅಂತೀರಲ್ಲ!

ಸರಿ, ಮಾಡೋದು ಹೇಗೆ? ಎಂ ಮೋಡ್‌ಗೆ, ಅಂದ್ರೆ ಮ್ಯಾನ್ಯುಯಲ್‌ಗೆ, ಹಾಕಿ. ಮಂಟಪಕ್ಕೆ ಶಟರ್ 1/125, ಅಪರ್ಚರ್ ಲೆನ್ಸ್ ಕೊಡೋವಷ್ಟು ದೊಡ್ಡದು, ಐಎಸ್‌ಓ ಆಟೋ. ಮೆನುವಿನಲ್ಲಿ ಆಟೋ ಐಎಸ್‌ಓ ಮಿತಿ ಅಂತ ಇರುತ್ತೆ, ಅದನ್ನ 6400 ಮಾಡಿ, ಹೊಸ ಕ್ಯಾಮೆರಾ ಆದ್ರೆ 12800. ಐಎಸ್‌ಓ ಪಟ್ಟಿಯ ಕೊನೆಗೆ ಎಚ್1, ಎಚ್2 ಅಂತ ಬರೋದಕ್ಕೆ ಕೈ ಹಾಕಬೇಡಿ, ಅದು ಬರೀ ಎಳೆದು ಬೆಳಗಿಸೋದು. ಆಟೋ ಯಾಕೆ ಅಂದ್ರೆ, ವಿಡಿಯೋದವರ ಲೈಟ್ ಇದ್ದಕ್ಕಿದ್ದಂತೆ ನಿಮ್ಮ ಕಡೆ ತಿರುಗಿದಾಗ ಎರಡು ಮೂರು ಸ್ಟಾಪ್ ಬೆಳಕು ಏರುತ್ತೆ, ಬಿಳಿ ಪಂಚೆಯೆಲ್ಲ ಸುಟ್ಟುಹೋಗುತ್ತೆ. ಆಟೋ ತಾನೇ ಇಳಿಸ್ಕೊಳ್ಳುತ್ತೆ. ರಾತ್ರಿಯ 6400ನ್ನ ಮರೆತು ಬೆಳಗ್ಗೆ ಬಿಸಿಲಿಗೆ ಹೋಗಿ ಬಿಳೀ ಹಾಳೆಯಂಥ ಫೋಟೋ ತೆಗೆಯೋ ಕಥೆಯೂ ಇರಲ್ಲ. ಟ್ಯೂಬ್‌ಲೈಟ್ ಕೆಳಗೆ ಒಂದು ಫೋಟೋ ಹಳದಿ, ಒಂದು ಕಪ್ಪು ಬರ್ತಿದ್ರೆ ಶಟರ್ 1/100ಕ್ಕೆ ತನ್ನಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತೆ. ಎಲ್‌ಇಡಿ ಕೆಳಗೆ ಅಡ್ಡಪಟ್ಟಿ ಬಂದ್ರೆ ಸೈಲೆಂಟ್ ಶಟರ್ ಆಫ್ ಮಾಡಿ. ಇದನ್ನೆಲ್ಲ ಒಂದು ಚೀಟಿ ಮಾಡಿ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದೀನಿ, ಪ್ರಿಂಟ್ ತೆಗೆದು ಬ್ಯಾಗಲ್ಲಿಟ್ಕೊಳ್ಳಿ.

ರಾತ್ರಿ ಯಕ್ಷಗಾನಕ್ಕೆ ಹೋದ್ರೆ? ಚೆಂಡೆ ಏರಿದಾಗ, ವೇಷ ದಿಗಿಣ ಹೊಡೆಯುವಾಗ, ಎಫ್ 2.8 ಇದ್ರೂ 1/500ಕ್ಕೆ 3200 ಬೇಕು. ಏರಿಸಿ! ಹುಟ್ಟುಹಬ್ಬದ ಮೇಣದಬತ್ತಿಗೆ? ಏರಿಸಿ! ಲೋಡ್‌ಶೆಡ್ಡಿಂಗ್‌ನಲ್ಲಿ ಬೆಕ್ಕಿನ ಮರಿ? ಏರಿಸಿ ಅಂತ ಹೇಳ್ತಾನೇ ಇದೀನಲ್ಲಾ! ನಿಮ್ಮ ಫೋನ್ ರಾತ್ರಿ ತೆಗೆದ ಫೋಟೋದ ವಿವರ ತೆರೆದು ನೋಡಿ, ಅದು ನಿಮ್ಮನ್ನ ಕೇಳದೇ ಸಾವಿರಗಟ್ಟಲೆ ಏರಿಸಿರುತ್ತೆ. ಅದನ್ನ ನೋಡಿ ವಾಹ್ ಅಂತೀರಿ, ಕ್ಯಾಮೆರಾ ಕೈಗೆ ಬಂದ ತಕ್ಷಣ 100ಕ್ಕೆ ಅಂಟ್ಕೋತೀರಿ. ಯಾಕೆ? ಯಾಕೆ ಅಂತ ಕೇಳ್ತಿದೀನಿ!

ಕಾಮೆಂಟ್ ಹಾಕಿದ ಮಹನೀಯರೇ, ಇವತ್ತು ರಾತ್ರಿ ಊಟಕ್ಕೆ ಮುಂಚೆ ಟ್ಯೂಬ್‌ಲೈಟ್ ಬೆಳಕಲ್ಲಿ ಆಡ್ತಿರೋ ಮಗುನ ಎರಡು ಸಲ ತೆಗೀರಿ. ಒಂದು 100ರಲ್ಲಿ, ಒಂದು 6400ರಲ್ಲಿ. ಎರಡನ್ನೂ ಅಜ್ಜಿ ಕೈಗೆ ಕೊಡಿ. ಯಾವುದನ್ನ "ನಂಗೂ ಕಳಿಸಪ್ಪ" ಅಂತಾರೋ ಅದನ್ನ ಕೆಳಗೆ ಬರೀರಿ. ಭಾನುವಾರದ ಲೈವ್‌ನಲ್ಲಿ ಮೊದಲು ಓದೋದೇ ನಿಮ್ಮದು.