ಕಂಡೀಶನ್ ಸಣ್ಣದಾದ್ರ ಕ್ವೆರಿ ಓಡ್ತೈತಿ

ಎಲ್ಲಾರಿಗೂ ನಮಸ್ಕಾರ್ರೀ. ರಾಯಚೂರು, ಸಿಂಧನೂರು, ಮಾನ್ವಿ ಕಡೆ ಡೇಟಾಬೇಸ್ ಕೆಲಸ ಕಲಿಯೋ ಹುಡುಗ್ರು ಹುಡುಗ್ಯಾರು ಅದಾರಲ್ಲ, ಅವರಿಗಂತ ಇವತ್ತಿನ ಮಾತು.

ಮಾರ್ಕೆಟ್ಟಿಗೆ ಬಂದ ಮಾಲಿನ ಟೇಬಲ್ ಐತಿ ಅನ್ಕೋರಿ. "ಊರು ರಾಯಚೂರು ಮತ್ತ ಮಾಲು ಹತ್ತಿ, ಇಲ್ಲಾ ಊರು ರಾಯಚೂರು ಮತ್ತ ಮಾಲು ಭತ್ತ" ಅಂತ ಕ್ವೆರಿ, ಅಂದ್ರ ಟೇಬಲ್ಲಿಗೆ ಕೇಳೋ ಪ್ರಶ್ನೆ, ಬರದ್ರಿ. ರಾಯಚೂರು ಎರಡೂ ಕಡೆ ಬಂತಲ್ಲ, ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಿನ ಪ್ಲಾನರ್ (ಕ್ವೆರಿ ಹೆಂಗ ಓಡಸಬೇಕು ಅಂತ ನಿರ್ಧಾರ ಮಾಡೋ ಭಾಗ) ಅದನ್ನ ಹೊರಗ ತಗದು "ಊರು ರಾಯಚೂರು, ಅದರಾಗ ಹತ್ತಿ ಇಲ್ಲಾ ಭತ್ತ" ಅಂತ ತಾನ ಮಾಡ್ಕೊಂತೈತಿ, ಆಗ ಊರಿನ ಕಾಲಂ ಮ್ಯಾಲೆ ಇಂಡೆಕ್ಸ್ (ಬೇಗ ಹುಡುಕಾಕ ಮಾಡಿಟ್ಟ ಪಟ್ಟಿ) ಇದ್ರ ಒಂದ ಸಲ ಹುಡುಕಿದ್ರ ಸಾಕು. "ಹತ್ತಿನೋ ಭತ್ತನೋ ಆಗಿರಬಾರದು" ಅಂದ್ರ "ಹತ್ತಿನೂ ಅಲ್ಲ, ಭತ್ತನೂ ಅಲ್ಲ" ಅಂತ ಬಿಡಿಸ್ತೈತಿ. ಇದು ಡಿ ಮಾರ್ಗನ್ ನಿಯಮ, ಆ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ 1806ರಾಗ ಹುಟ್ಟಿದ್ದು ನಮ್ಮ ಮದುರೈನ್ಯಾಗ, ನನಗಂತೂ ಇದು ಭಾಳ ಖುಷಿ ಕೊಡೋ ವಿಷಯ.

ಈಗ ಗಟ್ಟಿ ಸಂಗತಿಗೆ ಬರೋಣು. "ತೇವಾಂಶ 8ಕ್ಕಿಂತ ಜಾಸ್ತಿ, ಇಲ್ಲಾ 8 ಇಲ್ಲಾ ಅದಕ್ಕಿಂತ ಕಡಿಮಿ" ಅಂದ್ರ ಎಲ್ಲಾ ಲಾಟೂ ಬಂದಂಗ ಅಲ್ಲೇನ್ರಿ, ಕಂಡೀಶನ್ನ ತಗದಬಿಡಬೋದು ಅನಸ್ತೈತಿ. ಆದ್ರ ಯಾವ್ದೋ ಲಾಟಿಗೆ ತೇವಾಂಶ ನೋಡೇ ಇಲ್ಲ, ಆ ಮನಿ ಖಾಲಿ, ಅಂದ್ರ ನಲ್. ನಲ್ಲಿಗೆ 8ಕ್ಕಿಂತ ಜಾಸ್ತಿನೂ ಗೊತ್ತಿಲ್ಲ, ಕಡಿಮಿನೂ ಗೊತ್ತಿಲ್ಲ, ಕ್ವೆರಿ ಬರಿಯೋ ಭಾಷಾ ಎಸ್‌ಕ್ಯೂಎಲ್‌ನ್ಯಾಗ ನಿಜ, ಸುಳ್ಳು, ಗೊತ್ತಿಲ್ಲ ಅಂತ ಮೂರು ಉತ್ತರ, ನಿಜ ಆದ ಸಾಲಷ್ಟ ಹೊರಗ ಬರೋದು. ಹಿಂಗಾಗಿ ಆ ಲಾಟು ಲೆಕ್ಕದಾಗ ಬರಂಗಿಲ್ಲ, ಕಂಡೀಶನ್ ತಗದ್ರ ಬರ್ತೈತಿ! ಉತ್ತರನ ಬದಲಾತಲ್ಲ. ರೈತನ ಮಾಲು ಲೆಕ್ಕ ತಪ್ಪಿದ್ರ ಅದು ಸಣ್ಣ ಮಾತಲ್ರಿ. ಅದಕ್ಕ ಖಾಲಿ ಇರಬಾರದ ಕಾಲಂಗೆ ಟೇಬಲ್ ಕಟ್ಟುವಾಗನ ನಾಟ್ ನಲ್ ಹಾಕ್ರಿ, ಖಾಲಿ ಇರಬೋದು ಅನ್ನೋ ಕಡೆ ಈಸ್ ನಲ್ ಅಂತ ಬ್ಯಾರೆ ಕೇಳ್ರಿ.

ಪ್ಲಾನರ್ ಎಲ್ಲಾನೂ ಮಾಡಂಗಿಲ್ಲ. ಕಾಲಂನ್ಯಾಗ ತೂಕ ಕ್ವಿಂಟಲ್ ಲೆಕ್ಕ, ನೀವು "ತೂಕ ಗುಣಿಲೆ 100, 5000 ಕೆಜಿಗಿಂತ ಜಾಸ್ತಿ" ಅಂತ ಬರದ್ರ ತೂಕದ ಮ್ಯಾಲಿನ ಇಂಡೆಕ್ಸ್ ಹಂಗ ಬಿದ್ದಿರ್ತೈತಿ. "ತೂಕ 50ಕ್ಕಿಂತ ಜಾಸ್ತಿ" ಅಂತ ಕಾಲಂ ಒಂದ ಕಡೆ ಬಿಟ್ಟು ಬರೀರಿ. ಕ್ವೆರಿ ಮುಂದ ಎಕ್ಸ್‌ಪ್ಲೇನ್ ಹಾಕಿ ಎರಡನೂ ಓಡಿಸಿ ನೋಡ್ರಿ, ಟೇಬಲ್ ದೊಡ್ಡದಿದ್ದು ಅಂಥಾ ಲಾಟು ಕಡಿಮಿ ಇದ್ರ ಮೊದಲಿನದಕ್ಕ ಸೀಕ್ವೆನ್ಶಿಯಲ್ ಸ್ಕ್ಯಾನ್ (ಇಡೀ ಟೇಬಲ್ ಸಾಲಾಗಿ ಓದೋದು), ಎರಡನೇದಕ್ಕ ಇಂಡೆಕ್ಸ್ ಸ್ಕ್ಯಾನ್ (ಇಂಡೆಕ್ಸ್ ಹಿಡಿದು ಹುಡುಕೋದು) ಅಂತ ಪೋಸ್ಟ್‌ಗ್ರೆಸ್ಸ ತೋರಸ್ತೈತಿ.